ಬಾವಿಯ ಮೂಡಲ ಗೋಡೆ

ಭೂಮಿಯ ಒಳಗನ್ನು ಈವರೆಗೆ ಯಾರೂ ಕಣ್ಣಾರೆ ಕಂಡಿಲ್ಲ ಎಂದು ಹೇಳಿಯೇ ನಾನು ಪ್ರತಿ ವರ್ಷ ಪಾಠ ಶುರು ಮಾಡುತ್ತೇನೆ. ದಾವಣಗೆರೆಯ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುವುದು ನನ್ನ ಕೆಲಸ. ಮೇಲೆ ತೆಳ್ಳನೆಯ ಭೂಕವಚ, ಕೆಳಗೆ ದಪ್ಪನೆಯ ಮ್ಯಾಂಟಲ್, ನಟ್ಟನಡುವೆ ಕೇಂದ್ರಗೋಳ ಇರುವ ಪುಸ್ತಕದ ಚಿತ್ರವನ್ನು ಯಾರೋ ಭೂಮಿಯನ್ನು ಕೊಯ್ದು ನೋಡಿಯೇ ಬರೆದಿದ್ದಾರೆಂದು ಮಕ್ಕಳು ನಂಬಿರುತ್ತಾರೆ. "ಹಂಗಾದ್ರೆ ಹೆಂಗೆ ಗೊತ್ತಾತು ಮೇಡಂ?" ಎಂದು ಒಬ್ಬರಾದರೂ ಕೇಳೇ ಕೇಳುತ್ತಾರೆ. ಭೂಕಂಪವಾದಾಗ ಎದ್ದ ಅಲೆಗಳು ಒಳಗೆಲ್ಲ ಹಾದು ಬರುತ್ತವೆ, ಕೆಲವು ಅಲೆಗಳು ದ್ರವ ಸಿಕ್ಕಲ್ಲೇ ನಿಂತುಹೋಗುತ್ತವೆ, ಯಾವುದು ಎಲ್ಲಿ ಬಂತು, ಎಲ್ಲಿ ಬರಲಿಲ್ಲ ಎಂದು ಲೆಕ್ಕ ಹಾಕಿದವರು ಒಳಗೇನಿದೆ ಎಂದು ಹೇಳಿದರು ಎನ್ನುತ್ತೇನೆ. ಇಷ್ಟು ಹೇಳಿ ಸೀಮೆಸುಣ್ಣ ಕೆಳಗಿಟ್ಟು ಅವರ ಮುಖ ನೋಡುವುದೆಂದರೆ ನನಗೆ ಬಹಳ ಇಷ್ಟ. ನನಗೆ ಜಂಭ ಸ್ವಲ್ಪ ಜಾಸ್ತಿಯೇ. ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆ ಜಂಭ ನನ್ನ ತಮ್ಮನ ಜೀವಕ್ಕೆ ಕುತ್ತು ತಂದ ದಿನದ ಬಗ್ಗೆ ಇದನ್ನು ಬರೆಯುತ್ತಿದ್ದೇನೆ.

ಅಪ್ಪಾಜಿಗೆ ಮಂಡಿಪೇಟೆಯಲ್ಲಿ ಕಿರಾಣಿ ಸಗಟು ಅಂಗಡಿ. ಲೋಕಿಕೆರೆಯ ಹೊಲ ನೋಡಿಕೊಳ್ಳುವವನು ತಮ್ಮ. ಆ ಹೊಲದಲ್ಲಿ ಅಜ್ಜನ ಕಾಲದ್ದೊಂದು ತೆರೆದ ಬಾವಿ ಇದೆ, ಸುಮಾರು ನಲವತ್ತು ಅಡಿ ಆಳ. ಕಳೆದ ಬೇಸಿಗೆಯಲ್ಲಿ ಅದರ ಹೂಳು ತೆಗೆಸಲು ತಮ್ಮ ಹರಿಹರದಿಂದ ಒಬ್ಬ ಮೇಸ್ತ್ರಿಯನ್ನು ಕರೆಸಿದ್ದ. ಅರವತ್ತರ ಹತ್ತಿರದ, ಒಣಕಲು ಮೈಯ, ಮಾತು ಕಮ್ಮಿಯ ಮನುಷ್ಯ. ಜೊತೆಗೆ ನಾಲ್ಕು ಆಳು, ಎಂಜಿನ್ ಕೂರಿಸಿದ ಒಂದು ಕ್ರೇನು. ಮೂರು ದಿನ ಪಂಪು ಹಚ್ಚಿ ನೀರು ಹೊಡೆದು ಹೂಳೆಲ್ಲ ಎತ್ತಿದ್ದರು. ಉಳಿದದ್ದು ತಳದಲ್ಲಿ ನೀರಿನ ಸೆಲೆಯ ಬಾಯಿಗೇ ಕೂತಿದ್ದ ಒಂದು ಗುಂಡುಕಲ್ಲು ಮಾತ್ರ. ಅದಕ್ಕೆ ಸರಪಳಿ ಸುತ್ತಿ ಎತ್ತಿಬಿಟ್ಟರೆ ಕೆಲಸ ಮುಗಿದಂತೆ. ಅಂದು ಭಾನುವಾರ. ಬುತ್ತಿ ಕಟ್ಟಿಕೊಂಡು ಅಪ್ಪಾಜಿಯ ಜೊತೆ ನಾನೂ ಹೋಗಿದ್ದೆ. ನಿಜ ಹೇಳಬೇಕೆಂದರೆ ಬಾವಿ ನೋಡುವುದಕ್ಕಿಂತ ಹೊಲದಲ್ಲಿ ಕೂತು ರೊಟ್ಟಿ ತಿನ್ನುವ ಆಸೆಗೆ.

ನಾವು ಹೋದಾಗ ಮೇಸ್ತ್ರಿ ಕ್ರೇನಿನ ಬಕೆಟ್ಟಿನಲ್ಲಿ ನಿಂತು ಬಾವಿಯೊಳಗೆ ಅರ್ಧದಲ್ಲಿ ತೂಗುತ್ತಿದ್ದ. ಕೈಯಲ್ಲಿ ಹಾರೆ. ಗೋಡೆಗೆ ಒಮ್ಮೆ ಕುಟ್ಟುವುದು, ಕಿವಿ ಹಚ್ಚುವುದು, ಒಂದು ಮಾರು ಸರಿಯುವುದು, ಮತ್ತೆ ಕುಟ್ಟುವುದು. ಮೂರು ದಿಕ್ಕಿನಲ್ಲಿ ಕಲ್ಲು ಠಣ್ ಎಂದಿತು. ಮೂಡಲ ಗೋಡೆಯಲ್ಲಿ ದೊಬ್ ಎಂದಿತು. ಅವನು ಮೇಲೆ ಬಂದು ಹಾರೆ ಕೆಳಗಿಟ್ಟ.

"ಈ ಕಡೆ ಪೊಳ್ಳು ಹೊಡಿತೈತ್ರಿ. ಎರಡು ದಿನ ಬೇಕು. ಮೇಲಿಂದ ಸಡ್ಲ ಕಲ್ಲು ಇಳಿಸ್ಕೊಂಡು ಬರ್ತೀವಿ, ಆಮೇಲೆ ಗುಂಡು ಎತ್ತಾಣ. ಇವತ್ತು ನನ್ನ ಆಳು ಕೆಳಗ ಇಳಿಯಂಗಿಲ್ಲ."

ತಮ್ಮನ ಮುಖ ಕೆಂಪಾಯಿತು. ಮರುದಿನ ಬೆಳಿಗ್ಗೆ ಕ್ರೇನು ಮಲೆಬೆನ್ನೂರಿನ ಇನ್ನೊಂದು ಬಾವಿಗೆ ಹೋಗುವುದೆಂದು ಮಾತಾಗಿತ್ತು. ಹೋದರೆ ಮತ್ತೆ ಯಾವಾಗ ಬರುವುದೋ. ಅವನು ನನ್ನ ಕಡೆ ತಿರುಗಿದ.

"ಅಕ್ಕ, ಕಲ್ಲು ಓದ್ಕಂಡಾಕಿ ನೀನು. ನೀ ಹೇಳು, ಬೀಳ್ತೈತಾ ಇದು?"

ಆಗ ನಾನು ಬಕೆಟ್ಟಿನಲ್ಲಿ ಇಳಿದು ನೋಡಬಹುದಿತ್ತು. ನೋಡದೆ ಹೇಳಲಾರೆ ಎನ್ನಬಹುದಿತ್ತು. ಕಾಲೇಜಿನಲ್ಲಿ ಯಾವ ಹುಡುಗನಾದರೂ ದೂರದಿಂದ ನೋಡಿ ಕಲ್ಲಿನ ಹೆಸರು ಹೇಳಿದರೆ ನಾನೇ ಬೈಯುತ್ತೇನೆ. ಆದರೆ ಅಪ್ಪಾಜಿ, ತಮ್ಮ, ಪಕ್ಕದ ಹೊಲದ ಇಬ್ಬರು, ಆಳುಗಳು, ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ದಂಡೆಯ ಮೇಲೆ ನಿಂತೇ ಬಗ್ಗಿ ನೋಡಿದೆ. ಹೊತ್ತು ಆಗಷ್ಟೇ ನೆತ್ತಿಗೆ ಬರುತ್ತಿತ್ತು, ಮೂಡಲ ಗೋಡೆ ಇನ್ನೂ ನೆರಳಲ್ಲಿತ್ತು. ಕಂಡಷ್ಟಕ್ಕೆ ಬೂದು ಬಣ್ಣದ, ಬಿಳಿ ಪಟ್ಟೆಯ, ನೈಸ್ ಎಂಬ ಗಟ್ಟಿ ಶಿಲೆ.

"ಇದು ನೈಸು. ಭೂಮಿ ಹುಟ್ಟಿ ನಾನೂರೈವತ್ತು ಕೋಟಿ ವರ್ಷ, ಈ ಕಲ್ಲಿಗೇ ಹತ್ರಹತ್ರ ಮುನ್ನೂರು ಕೋಟಿ. ಇಷ್ಟು ವರ್ಷ ಬೀಳದಿದ್ದದ್ದು ಇವತ್ತು ಮಧ್ಯಾಹ್ನ ಬೀಳ್ತೈತಾ?" ಎಂದೆ. ಎಲ್ಲರೂ ನಕ್ಕರು. ನಗಲಿ ಎಂದೇ ಹೇಳಿದ್ದೆ. ಮೇಸ್ತ್ರಿ ನಗಲಿಲ್ಲ.

"ಹಂಗಾರೆ ನಾನೇ ಇಳೀತೀನಿ" ಎಂದ ತಮ್ಮ.

ಅಪ್ಪಾಜಿ ಬ್ಯಾಡ ಎಂದರು. "ಅಕ್ಕನೇ ಹೇಳ್ತಾಳಲ್ಲ" ಎಂದು ಅವನು ಸರಪಳಿಯನ್ನು ಹೆಗಲಿಗೆ ಹಾಕಿಕೊಂಡ. ಮೇಸ್ತ್ರಿ ನನ್ನನ್ನೊಮ್ಮೆ ನೋಡಿ, "ನಿಮ್ಮ ಬಾವಿ, ನಿಮ್ಮ ಮಾತು. ಇಳಸಂದ್ರೆ ಇಳಸ್ತೀನಿ" ಎಂದು ಎಂಜಿನ್ನಿನ ಪಕ್ಕ ಹೋಗಿ ಹಿಡಿಕೆ ಹಿಡಿದು ಕೂತ. ಅವನ ಜಾಗದಿಂದ ಬಾವಿಯ ಬಾಯಿ ಕಾಣುತ್ತಿತ್ತು, ಎದುರು ದಂಡೆಯ ಮೇಲೆ ನಿಂತ ನಾನೂ ಕಾಣುತ್ತಿದ್ದೆ.

ತಮ್ಮ ಸಜ್ಜಾಗಿ ತಳ ಮುಟ್ಟುವ ಹೊತ್ತಿಗೆ ಬಿಸಿಲು ತುಸು ಪಡುವಲಕ್ಕೆ ವಾಲಿತ್ತು. ಅದು ಮೂಡಲ ಗೋಡೆಯ ಮೇಲ್ಭಾಗಕ್ಕೆ ಬಿದ್ದಾಗ ದಂಡೆಯಿಂದ ಹದಿನೈದಡಿ ಕೆಳಗೆ ಏನೋ ಮಿನುಗಿತು. ಕಣ್ಣು ಕಿರಿದು ಮಾಡಿ ನೋಡಿದೆ. ಗೇಣಗಲದ ಒಂದು ಪಟ್ಟಿ, ತುಂಬ ಕಾಗೆಬಂಗಾರದ ಹೊಳಪು. ಗಟ್ಟಿ ನೈಸಿನ ನಡುವೆ ಮೆತ್ತನೆಯ, ಪದರ ಪದರಾಗಿ ಬಿಚ್ಚಿಕೊಳ್ಳುವ ಶಿಲೆ. ಅದು ಬಾವಿಯ ಒಳಗಡೆಗೇ ಇಳಿಜಾರಾಗಿ ಬಾಗಿತ್ತು, ಉದ್ದಕ್ಕೂ ಒದ್ದೆಯಾಗಿತ್ತು. ಅದರ ಮೇಲೆ ಕೋಣೆಯಷ್ಟು ದೊಡ್ಡ ಬಂಡೆ ಕೂತಿತ್ತು. ಇಷ್ಟು ವರ್ಷ ಆ ಗೋಡೆಗೆ ಒತ್ತು ಕೊಟ್ಟು ನಿಂತಿದ್ದ ನೀರನ್ನು ನಾವೇ ಮೂರು ದಿನ ಪಂಪು ಹಚ್ಚಿ ಹೊರಗೆ ಹಾಕಿದ್ದೆವು.

ಮೇಸ್ತ್ರಿ ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು ಎಂದು ಆ ಕ್ಷಣಕ್ಕೇ ಗೊತ್ತಾಯಿತು. ಇದರಲ್ಲಿ ಅನುಮಾನವೇನೂ ಇರಲಿಲ್ಲ. ಬಾಯಿ ತೆರೆದರೆ ಸಾಕಿತ್ತು.

ನಾನು ಬಾಯಿ ತೆರೆಯಲಿಲ್ಲ.

ಕೆಳಗೆ ತಮ್ಮ ಗುಂಡಿಗೆ ಸರಪಳಿಯ ಒಂದನೇ ಸುತ್ತು ಹಾಕುತ್ತಿದ್ದ. ಈಗಷ್ಟೇ ನಕ್ಕವರೆಲ್ಲ ದಂಡೆಯ ಮೇಲಿದ್ದರು. ಈಗ ಕೂಗಿದರೆ ಏನನ್ನುತ್ತಾರೆ, ಆ ಮೇಸ್ತ್ರಿಯ ಎದುರಿಗೆ ಹೇಗೆ ನಿಲ್ಲುವುದು, ಇಷ್ಟರಲ್ಲಿ ತಮ್ಮನ ಕೆಲಸವೇ ಮುಗಿದುಹೋಗುತ್ತದೆಯಲ್ಲ, ಮೇಲೆ ಬಂದಮೇಲೆ ಮೆಲ್ಲಗೆ ಹೇಳಿದರಾಯಿತು ಎಂದೆಲ್ಲ ಯೋಚಿಸಿದೆ. ತಲೆ ಲಾಯರಿನಂತೆ ವಾದ ಮಾಡುತ್ತಿತ್ತು. ಸುತ್ತು ಜಾರಿತು. ತಮ್ಮ ಬೈದುಕೊಂಡು ಸರಪಳಿ ಬಿಚ್ಚಿ ಮತ್ತೆ ಮೊದಲಿಂದ ಸುತ್ತತೊಡಗಿದ. ಒದ್ದೆ ಪಟ್ಟಿಯಿಂದ ಹಿಡಿಯಷ್ಟು ಪುಡಿ ಸುರಿಯಿತು. ಅವನು ತಲೆ ಕೊಡವಿಕೊಂಡು ಎರಡನೇ ಸುತ್ತಿಗೆ ಬಗ್ಗಿದ. ಆಗ ಬಂಡೆಯ ಹಿಂದೆಲ್ಲೋ ಚಟ್ ಎಂದಿತು.

"ಮ್ಯಾಲೆ ಬಾ! ಬಿಟ್ಟು ಬಾರೋ!" ಎಂದು ಕಿರುಚಿದೆ.

ನನ್ನ ಮಾತು ಮುಗಿಯುವ ಮೊದಲೇ ಎಂಜಿನ್ನಿನ ಸದ್ದು ಏರಿತ್ತು. ತಮ್ಮ ಬಕೆಟ್ಟಿಗೆ ಹಾರಿದ. ಬಕೆಟ್ಟು ಎರಡಾಳು ಎತ್ತರ ಬಂದಿರಬಹುದು, ಗೋಡೆ ಜಾರಿತು. ಬಂಡೆಯ ಅಂಚು ತಗುಲಿ ಬಕೆಟ್ಟು ಗಿರ್ರನೆ ತಿರುಗಿ ಎದುರು ಗೋಡೆಗೆ ಅಪ್ಪಳಿಸಿತು. ಕಾಲಡಿಯ ನೆಲ ನಡುಗಿತು. ಆಮೇಲೆ ಧೂಳು ಬಿಟ್ಟರೆ ಏನೂ ಕಾಣಲಿಲ್ಲ. ಅಪ್ಪಾಜಿ ಅವನ ಹೆಸರು ಹಿಡಿದು ಕೂಗುತ್ತಿದ್ದರು. ನಾನು ಕೂಗಲಿಲ್ಲ. ಉತ್ತರ ಬರದಿದ್ದರೆ ಎಂಬ ಭಯಕ್ಕೆ.

ಧೂಳಿನೊಳಗಿಂದ ಬಕೆಟ್ಟು ಬಂತು. ತಮ್ಮ ಅದರ ಅಂಚು ತಬ್ಬಿಕೊಂಡು ಕೂತಿದ್ದ. ಬಲಗಾಲಿನ ಮೊಳಕಾಲ ಕೆಳಗಿನ ಎಲುಬು ಎರಡು ತುಂಡಾಗಿತ್ತು. ಅವನು ಸರಪಳಿ ಸುತ್ತುತ್ತಿದ್ದ ಜಾಗದಲ್ಲಿ ಗುಂಡೂ ಇರಲಿಲ್ಲ, ಸೆಲೆಯೂ ಇರಲಿಲ್ಲ, ಬರೀ ಕಲ್ಲಿನ ರಾಶಿ ಇತ್ತು.

ದಾವಣಗೆರೆಯ ಆಸ್ಪತ್ರೆಯಲ್ಲಿ ಕಾಲಿಗೆ ರಾಡು ಹಾಕಿದರು. ಮನೆಗೆ ಬಂದಮೇಲೆ ನೋಡಲು ಬಂದವರಿಗೆಲ್ಲ ತಮ್ಮ ಹೇಳುತ್ತಿದ್ದದ್ದು ಒಂದೇ. "ನಮ್ಮಕ್ಕ ಇಲ್ಲದಿದ್ರೆ ನಾ ಇರ್ತಿರಲಿಲ್ಲ. ಕಂಡ ಕೂಡ್ಲೇ ಕೂಗಿದ್ಲು." ಬಂದವರು ನನ್ನನ್ನು ಹೊಗಳುತ್ತಿದ್ದರು. ಅವ್ವ ನನ್ನ ತಟ್ಟೆಗೆ ತುಪ್ಪ ಜಾಸ್ತಿ ಹಾಕುತ್ತಿದ್ದಳು. ಒಂದು ವಾರ ಆ ತುಪ್ಪ ತಿಂದೆ. ಎಂಟನೆಯ ದಿನ ತಡೆಯಲಾರದೆ ಹರಿಹರದ ಬಸ್ಸು ಹತ್ತಿದೆ.

ಮೇಸ್ತ್ರಿಯ ಮನೆ ಹೊಳೆಯ ಕಡೆಗಿನ ಒಂದು ಓಣಿಯಲ್ಲಿತ್ತು. ಅವನು ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. "ಬರ್ರಿ ಅಕ್ಕಾರೆ, ಕೂಡ್ರಿ" ಎಂದು ಚಾಪೆ ಹಾಸಿದ. ತಮ್ಮನ ಕಾಲು ಹೆಂಗೈತೆ ಎಂದು ಕೇಳಿದ. ನಾನು ಬಂದ ವಿಷಯ ಹೇಳಿಬಿಟ್ಟೆ.

"ನನಗೆ ಮುಂಚೆನೇ ಕಂಡಿತ್ತು. ಕಂಡ ಕೂಡ್ಲೇ ಕೂಗಲಿಲ್ಲ."

"ಗೊತ್ರಿ" ಎಂದ, ಹಗ್ಗದಿಂದ ಕಣ್ಣೆತ್ತದೆ. "ಎಲ್ಲರೂ ಬಾವಿ ನೋಡ್ತಿದ್ರು. ನಾ ನಿಮ್ಮ ಮುಖ ನೋಡ್ತಿದ್ದೆ. ಒಂದನೇ ಸುತ್ತು ಹಾಕುವಾಗಲೇ ನಿಮ್ಮ ಮುಖ ಬಿಳುಚಿತ್ತು."

"ಹಂಗಾರೆ ನೀವ್ಯಾಕ ಆಗಲೇ ಎತ್ತಲಿಲ್ಲ?"

ಅವನ ಕೈ ನಿಂತಿತು. ಹೊಸೆದ ಹಗ್ಗವನ್ನು ಕಟ್ಟೆಯ ಮೇಲಿಟ್ಟ.

"ಅಷ್ಟು ಮಂದಿ ಮುಂದೆ ನನ್ನ ಮಾತು ನಗೆ ಮಾಡಿದ್ರಿ. ತಪ್ಪಾತು ಅಂತ ನಿಮ್ಮ ಬಾಯಿಂದಾನೇ ಬರ್ಲಿ ಅಂತ ಕಾದೆ, ಅಕ್ಕಾರೆ. ಹಿಡಿಕಿ ನನ್ನ ಕೈಯಾಗೇ ಇತ್ತು." ಅವನ ಕಣ್ಣು ತುಂಬಿತ್ತು. "ಅವತ್ತಿನಿಂದ ಊಟ ಸೇರವಲ್ದು."

ಅವನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಅವನ ಮನೆಯಾಕೆ ಕೊಟ್ಟ ಚಾ ಕುಡಿದೆವು. ನನ್ನ ತಮ್ಮನನ್ನು ನಲವತ್ತಡಿ ಕೆಳಗೆ ಬಿಟ್ಟು ನಾನು ನನ್ನ ಮಾನ ಕಾಯುತ್ತಿದ್ದೆ, ಅವನು ನನ್ನ ಮಾತಿಗೆ ಕಾಯುತ್ತಿದ್ದ.

ಮನೆಗೆ ಬಂದಾಗ ತಮ್ಮ ಮಂಚದ ಮೇಲೆ ದಿಂಬಿಗೆ ಒರಗಿದ್ದ. ಯಾರೋ ನೆಂಟರು ಬಂದಿದ್ದರು. "ಕಂಡ ಕೂಡ್ಲೇ ಕೂಗಿದ್ಲು" ಎಂಬಲ್ಲಿಗೆ ಮಾತು ಬಂದಿತ್ತು. ಅವರು ಹೋಗುವವರೆಗೆ ಕಾದು ಬಾಗಿಲು ಮುಂದೆ ಮಾಡಿದೆ. ಮೇಸ್ತ್ರಿಯ ವಿಷಯ ಹೇಳಲಿಲ್ಲ, ಅದನ್ನು ಹೇಳಬೇಕಾದವನು ಅವನು. ನನ್ನದನ್ನಷ್ಟೇ ಹೇಳಿದೆ.

"ಕಂಡ ಕೂಡ್ಲೇ ಕೂಗಲಿಲ್ಲ ಕಣೋ. ಕಂಡಿತ್ತು. ಮಂದಿ ಮುಂದೆ ಮಾನ ಹೋಗ್ತೈತೆ ಅಂತ ಸುಮ್ನಿದ್ದೆ."

ಅವನು ನಗುತ್ತಿದ್ದವನು ಹಾಗೆಯೇ ನನ್ನನ್ನು ನೋಡಿದ. ತಮಾಷೆ ಅಲ್ಲ ಎಂದು ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಕಾಲಿನ ಮೇಲಿನ ಹೊದಿಕೆಯನ್ನು ಸರಿಮಾಡಿಕೊಂಡ.

"ಎಷ್ಟೊತ್ತು ಸುಮ್ನಿದ್ದೆ?" ಎಂದು ಕೇಳಿದ.

ನನ್ನ ಹತ್ತಿರ ಗಡಿಯಾರದ ಲೆಕ್ಕ ಇರಲಿಲ್ಲ. "ನೀ ಒಂದನೇ ಸುತ್ತು ಹಾಕಿದಾಗಿಂದ" ಎಂದೆ.

 ತಮ್ಮನ ಕೈಗಳು ಹೊದಿಕೆಯ ಮೇಲೆ ಇಲ್ಲದ ಸರಪಳಿಯನ್ನು ಮೆಲ್ಲಗೆ ಸುತ್ತಿದವು, ಬಿಚ್ಚಿದವು, ಮತ್ತೆ ಸುತ್ತತೊಡಗಿದವು. ಅದು ಎಷ್ಟು ಹೊತ್ತೆಂದು ಅವನು ಅಳೆದು ನೋಡುತ್ತಿದ್ದ, ನಾನು ಎದುರಿಗೆ ನಿಂತು ನೋಡುತ್ತಿದ್ದೆ.