ಬೀಗದ ಹೊರಗಿದ್ದ ಒಂದು ಸಾಲು

ನನ್ನ ಟವೆಲ್ಲೂ ವಯಸ್ಸಾದ ಒಬ್ಬ ಆಯಿಯ ಬಟ್ಟೆ ಗಂಟೂ ಒಂದೇ ಸೀಟಿನ ಮೇಲೆ ಒಟ್ಟಿಗೆ ಬಿದ್ದವು. ಮೊನ್ನೆ ಬೆಳಿಗ್ಗೆ, ಶಹಾಪುರ ಬಸ್ ಸ್ಟ್ಯಾಂಡು, ಯಾದಗಿರಿ ಬಸ್ಸು. ಇಬ್ಬರೂ ಕಿಟಕಿಯಿಂದ ನೋಡಿದ್ದೆವು. ಖಾಲಿ ಇತ್ತು. ಇಬ್ಬರೂ ಎಸೆದೆವು. (ನಮ್ಮ ಕಡೆ ರಿಸರ್ವೇಶನ್ ಅಂದರೆ ಇದೇ.)

ಸೀಟು ಬೇಕಾಗಿದ್ದು ನನಗಲ್ಲ, ಫರ್ಜಾನಾಗೆ. ಸಗರದ ಹುಡುಗಿ, ನನ್ನ ವಿದ್ಯಾರ್ಥಿನಿ. ಪುಟ್ಟದೊಂದು ಆಪರೇಟಿಂಗ್ ಸಿಸ್ಟಂನ ಕರ್ನಲ್, ಅಂದರೆ ಅದರ ತಿರುಳು, ಬರೆದಿದ್ದಾಳೆ. ಕಂಪ್ಯೂಟರಿನ ಮೆಮೊರಿಯನ್ನು ಕೇಳಿದ ಪ್ರೋಗ್ರಾಂಗಳಿಗೆ ಪುಟ ಪುಟವಾಗಿ ಹಂಚುವುದು ಅದರ ಕೆಲಸ. ಅಂದು ಮಧ್ಯಾಹ್ನವೇ ಯಾದಗಿರಿಯಲ್ಲಿ ಅದರ ಪರೀಕ್ಷೆ. ಹಿಂದಿನ ಸಂಜೆ ಅದು ನನ್ನ ಕಣ್ಣೆದುರೇ ಸತ್ತಿತ್ತು. ಒಂದು ಪ್ರೊಸೆಸರ್ ಇದ್ದರೆ ಓಡುತ್ತಿತ್ತು. ನಾಲ್ಕು ಕೊಟ್ಟರೆ ಒಂದೇ ಪುಟವನ್ನು ಇಬ್ಬರಿಗೆ ಹಂಚಿ ಕುಸಿಯುತ್ತಿತ್ತು. ಕೋಡಿನಲ್ಲಿ ಲಾಕ್, ಅಂದರೆ ಬೀಗ, ಹಾಕಿಯೇ ಇತ್ತು, ಒಂದು ಸಲಕ್ಕೆ ಒಬ್ಬರೇ ಒಳಗೆ ಬರಲಿ ಎಂದು. ಮತ್ತೆ ಹೇಗೆ? ಫೇಲಾದರೆ ಅವಳ ಒಂದು ವರ್ಷ ಹೋಗುತ್ತದೆ.

ಬಸ್ಸಿನೊಳಗೆ ಜಗಳ.

“ನನ್ನ ಗಂಟು ಮೊದಲ ಬಿದ್ದೈತಿ ನೋಡಪಾ.”

“ಇಲ್ರಿ ಆಯಿ, ಟವೆಲ್ ಮೊದಲ ಬಿದ್ದೈತಿ.”

ಕಂಡಕ್ಟರ್ ಬಂದರು. “ಹೊರಗ ನಿಂತು ಖಾಲಿ ಐತಿ ಅಂತ ನೋಡಿದ್ದು ಲೆಕ್ಕಕ್ಕಿಲ್ರಿ ಸರ. ಒಳಗ ಬಂದು ನೋಡ್ರಿ, ಆಗಿಂದಾಗ ಕುಂದರ್ರಿ.” ಅಷ್ಟರಲ್ಲಿ ಆಯಿ ಕೂತಾಗಿತ್ತು.

ಫರ್ಜಾನಾ ನನ್ನ ಬ್ಯಾಗ್ ಜಗ್ಗಿದಳು. “ಸರ್, ನಾವೂ ಹಿಂಗ ಮಾಡೇವಿ! ಯಾವ ಪುಟ ಖಾಲಿ ಐತಿ ಅಂತ ಬೀಗದ ಹೊರಗ ನೋಡಾಕತ್ತೇವಿ. ತಗೊಳ್ಳಾಕಷ್ಟ ಒಳಗ ಹೋಗಾಕತ್ತೇವಿ.”

ನಿಧಾನವಾಗಿ ಯೋಚಿಸಿದೆ. ಸರಿ. ಹೊರಗೆ ನಿಂತು ಇಬ್ಬರೂ ಒಂದೇ ಪುಟ ಆರಿಸಿದ ಮೇಲೆ ಒಬ್ಬೊಬ್ಬರಾಗಿ ಒಳಗೆ ಹೋದರೇನು ಬಂತು?

“ಏ ಹುಡುಗಿ, ನಿಂತು ಯಾಕ ಒದ್ದಾಡ್ತಿ? ಆ ಪೆಟ್ಟಿಗಿ ನನ್ನ ಗಂಟಿನ ಮ್ಯಾಲ ಇಡು,” ಎಂದರು ಆಯಿ. ಅವರ ಮಡಿಲಲ್ಲಿದ್ದ ಗಂಟಿನ ಮೇಲೆ ಫರ್ಜಾನಾ ಲ್ಯಾಪ್‌ಟಾಪ್ ಇಟ್ಟು, ಬೀಗ ಹಾಕುವ ಸಾಲನ್ನು ಪುಟ ಹುಡುಕುವ ಸಾಲಿಗಿಂತ ಮೇಲೆ ಸರಿಸಿದಳು. ಅಷ್ಟೇ. ನಾಲ್ಕು ಪ್ರೊಸೆಸರ್ ಕೊಟ್ಟು ಇಪ್ಪತ್ತು ಸಲ ಓಡಿಸಿದಳು. ಸಾಯಲಿಲ್ಲ. (ಸಾಯದಿರುವುದು ಪುರಾವೆಯಲ್ಲ. ಆದ್ದರಿಂದ ಬೆರಳಿಟ್ಟು ಪ್ರತಿ ಸಾಲನ್ನೂ ಓದಿದೆವು.)

ಪರೀಕ್ಷೆಯಲ್ಲೂ ಓಡಿತು. ತಪ್ಪು ಸಿಕ್ಕಿದ ಕಥೆಯನ್ನು ಫರ್ಜಾನಾ ಮುಚ್ಚಿಡದೆ ಹೇಳಿದಳು. ಪರೀಕ್ಷಕರು ನಕ್ಕು ಕೇಳಿದರು, “ಬೀಗದ ಹೊರಗ ನೋಡಬೇಕು ಅಂತ ನಿನಗ ಯಾಕ ಅನಿಸ್ತವ್ವಾ?”

ಅವಳು ನನ್ನ ಹೆಸರು ಹೇಳಲಿಲ್ಲ. ನಾನೇ ಹೇಳಿದೆ: “ಹಂಗ ಮಾಡಿದ್ರ ಜಲ್ದಿ ಆಗತೈತಿ ಅಂತ ಕಲಿಸಿದಾಂವ ನಾನರಿ.”

ಹುಡುಗಿ ಪಾಸಾದಳು. ಕಲಿಸಿದವರಿಗೂ ಅಂಕ ಹಾಕುವ ಖಾನೆ ಪರೀಕ್ಷಕರ ಹಾಳೆಯಲ್ಲಿ ಯಾಕಿಲ್ಲ?