ಕಲ್ಲು ಬಡಿದು ನೋಡಿದ ಪರೀಕ್ಷೆ

ಮೊಮ್ಮಕ್ಕಳೇ, ಹೋದ ವಾರ ನಿಮ್ಮ ಮನೆಯ ಅಂಗಳಕ್ಕೆ ಫರಸಿ ಚಪ್ಪಡಿ ಹಾಸಲು ಬಂದವರು ಕಲ್ಲು ಕೊಯ್ದರು. ನೀರು ಬಿದ್ದ ಕಲ್ಲುಹುಡಿಯ ವಾಸನೆ ಮನೆಯೆಲ್ಲ ತುಂಬಿತು. ನೀವು ಮೂಗು ಮುಚ್ಚಿಕೊಂಡಿರಿ. ನನಗೆ ಹಳೆಯ ಊರಿನ ಎದುರು ಮನೆಯ ಮಾಸ್ತರರ ಮಗಳು ನೆನಪಾದಳು...

ಕಲ್ಲುಗಣಿಗಳ ರಾವೂರಿನಲ್ಲಿ ನಾವಿದ್ದಾಗ ಅವಳು ದೂರದ ವಿಶ್ವವಿದ್ಯಾಲಯದಲ್ಲಿ ಮೆದುಳು ಮತ್ತು ಮನಸ್ಸಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ವೈದ್ಯರ ಪಾಠ, ಭಾಷೆಯ ಪಾಠ, ತತ್ವಶಾಸ್ತ್ರ ಎಲ್ಲವನ್ನೂ ಒಟ್ಟಿಗೆ ಓದಬೇಕಿತ್ತಂತೆ. ಮೆದುಳು ಡಾಕ್ಟರರದು, ಮನಸ್ಸು ಮಠದ ಸ್ವಾಮಿಗಳದು, ನಡುವೆ ಇವಳದೇನು ಎಂದು ನಿಮ್ಮಜ್ಜನ ಅಣ್ಣ, ನನ್ನ ಭಾವನವರು, ನಕ್ಕಿದ್ದರು.

"ಎರಡೂ ಒಂದೇ ತಲ್ಯಾಗ ಅದಾವಲ್ರಿ. ಓದೋರು ಯಾಕ ಬ್ಯಾರೆ ಬ್ಯಾರೆ ಕುಂದರಬೇಕು?" ಎಂದಿದ್ದಳು.

ಆ ವರ್ಷವೇ ನಿಮ್ಮಜ್ಜನಿಗೆ ಲಕ್ವಾ ಹೊಡೆಯಿತು. ಬಲಗೈ ಬಿತ್ತು, ಮಾತು ನಿಂತಿತು. ನಿಮ್ಮವ್ವನ ಮದುವೆ ಹತ್ತಿರ ಬಂದಿತ್ತು. ಬುದ್ಧಿ ಹೋದವನು ಧಾರೆ ಎರೆಯುವುದು ಬೇಡ, ತಾನೇ ಎರೆಯುತ್ತೇನೆ, ತಮ್ಮ ಒಳಗೇ ಇರಲಿ ಎಂದು ಭಾವನವರು ತೀರ್ಮಾನಿಸಿದರು. ಬುದ್ಧಿ ಹೋಗಿಲ್ಲವೆಂದು ನನಗೆ ಗೊತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾದ ದಿನ ನಿಮ್ಮಜ್ಜ ನನ್ನನ್ನು ನೋಡುತ್ತಿದ್ದ ನೋಟ ಹಾಗೇ ಇತ್ತು. ಆದರೆ ಭಾವನ ಎದುರು ನಾನು ಬಾಯಿ ತೆರೆದವಳಲ್ಲ.

ರಜೆಗೆ ಊರಿಗೆ ಬಂದಿದ್ದ ಮಾಸ್ತರರ ಮಗಳು, ಬುದ್ಧಿ ಇದೆಯೆಂದು ತೋರಿಸಲು ತನ್ನ ಪುಸ್ತಕ ತಂದು ಪರೀಕ್ಷೆ ಮಾಡಿದಳು. ಹಡಗು ಯಾವುದು, ಪಿಯಾನೋ ಯಾವುದು ಎಂದು ಚಿತ್ರ ಮುಟ್ಟಿ ತೋರಿಸುವುದು, ಗಡಿಯಾರ ಬರೆಯುವುದು... ಶಾಲೆಯ ಮುಖ ನೋಡದ ನಿಮ್ಮಜ್ಜ ಗೋಡೆಯ ಕಡೆ ತಿರುಗಿಬಿಟ್ಟರು. ಹಾಳೆಯ ತುಂಬ ತಪ್ಪಿನ ಗುರುತು ಬಿತ್ತು. "ಕಾಗದನೂ ಅದನ್ನೇ ಹೇಳಾಕತ್ತದ," ಎಂದರು ಭಾವ. ಅವಳ ಮುಖ ಕಪ್ಪಿಟ್ಟಿತು. ಸಹಾಯ ಮಾಡಲು ಬಂದು ಅವಳೇ ಅವರ ಕೈಗೆ ಕೋಲು ಕೊಟ್ಟಂತಾಗಿತ್ತು.

ಅವಳು ಅಡುಗೆಮನೆಗೆ ಬಂದು ಕೂತಳು. "ಕಾಕು, ತಪ್ಪು ನಂದು. ಕಾಕಾ ದಿನಾ ಏನು ಕೆಲಸ ಮಾಡ್ತಿದ್ರು, ಅದನ್ನ ಹೇಳ್ರಿ."

ಹೇಳಿದೆ. ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ನಿಮ್ಮಜ್ಜನ ಕೆಲಸ ಕಲ್ಲು ಆರಿಸುವುದು. ಬೆರಳ ಗೆಣ್ಣಿನಿಂದ ಬಡಿದರೆ ಗಟ್ಟಿ ಕಲ್ಲು ಕಂಚಿನಂತೆ ನುಡಿಯುತ್ತದೆ. ಒಳಗೆ ಬಿರುಕಿದ್ದರೆ ಸದ್ದು ಸತ್ತಿರುತ್ತದೆ.

ಮರುದಿನ ಕಾರ್ಖಾನೆಯ ಮಿಸ್ತ್ರಿ ಆರು ಫರಸಿ ತಂದು ಗೋಡೆಗೆ ಒರಗಿಸಿದ. ಅವುಗಳಲ್ಲಿ ಎರಡು ಒಳಗೆ ಒಡಕಿನವು. ಯಾವುವೆಂದು ತನಗೂ ಹೇಳಬಾರದು, ಹೇಳಿದರೆ ತನ್ನ ಮುಖ ನೋಡಿ ನಿಮ್ಮಜ್ಜ ತಿಳಿದುಕೊಂಡರೆಂದು ಭಾವ ಅಂದಾರು ಎಂದು ಅವಳು ಮೊದಲೇ ತಾಕೀತು ಮಾಡಿದ್ದಳು. ಮಿಸ್ತ್ರಿಯನ್ನೂ ಹೊರಗೆ ಕಳಿಸಿದಳು. ನಿಮ್ಮಜ್ಜ ಎಡಗೈಯಿಂದ ಒಂದೊಂದನ್ನೇ ಬಡಿದರು, ಕಿವಿಗೊಟ್ಟರು. ಮೂರು ಕಲ್ಲು ತೋರಿಸಿ ಬೇಡವೆಂದು ತಲೆಯಾಡಿಸಿದರು.

ಮಿಸ್ತ್ರಿ ಒಳಗೆ ಬಂದು ನೋಡಿದ. ಎರಡು ಸರಿ, ಮೂರನೆಯದು ಒಳ್ಳೆಯ ಕಲ್ಲು ಎಂದ. ಭಾವ ನಕ್ಕರು. ನಿಮ್ಮಜ್ಜ ಅದೇ ಕಲ್ಲನ್ನು ಮತ್ತೆ ಬಡಿದರು, ಮತ್ತೆ... ಅವಳು ಸುತ್ತಿಗೆ ಕೊಡಿಸಿದಳು. ಮಿಸ್ತ್ರಿ ಮೆಲ್ಲಗೆ ಒಂದೇಟು ಹಾಕಿದ. ಕಲ್ಲು ಎರಡಾಯಿತು. ಒಳಗೆ ಹಳೆಯ ಬಿರುಕಿನ ಕೂದಲೆಳೆಯಷ್ಟು ಕೆಂಪು ಗೆರೆ.

ಬಾಗಿಲ ಹಿಂದೆ ನಿಂತಿದ್ದ ನಾನು ಹೇಳಿದೆ, "ಧಾರೆ ಅವರೇ ಎರೀತಾರ."

"ನೀರು ಚೆಲ್ಲಿದ್ರ?" ಎಂದರು ಭಾವ, ನನ್ನನ್ನು ಮೊದಲ ಸಲ ನೋಡಿದವರಂತೆ.

"ಚೆಲ್ಲಲ್ರಿ. ಒರಸಲಿಕ್ಕ ನಾ ಅದೀನಿ."

ಮದುವೆಯ ದಿನ ನಿಮ್ಮಜ್ಜನ ಬಲಗೈ ಕೆಳಗೆ ನನ್ನ ಕೈ ಇತ್ತು. ನೀರು ಚೆಲ್ಲಿತು. ಒರಸಿದೆ.

ಆ ಪರೀಕ್ಷೆಯನ್ನು ಅವಳು ತನ್ನ ಪ್ರಬಂಧದಲ್ಲಿ ಬರೆದಳು. ಅದು ಯಾವ ಪುಸ್ತಕದಲ್ಲೂ ಇಲ್ಲ, ತೆಗೆದುಹಾಕು ಎಂದು ವಿಶ್ವವಿದ್ಯಾಲಯದ ದೊಡ್ಡವರು ಹೇಳಿದರಂತೆ. ಅವಳು ತೆಗೆಯಲಿಲ್ಲ. ಅದೇ ಜಗ್ಗಾಟದಲ್ಲಿ ವರ್ಷಗಳು ಹೋದವು. ಪದವಿ ಬರುವ ಮೊದಲೇ ಜ್ವರ ಅವಳನ್ನು ಒಯ್ದಿತು... ನಿಮ್ಮಜ್ಜನೂ ಈಗಿಲ್ಲ.

ಏಳನೆಯ ತರಗತಿ ಓದಿದವಳು ನಾನು. ಪುಸ್ತಕದಲ್ಲಿ ಇಲ್ಲದ್ದನ್ನು ಬರೆಯಬಾರದೆಂದು ನನಗೆ ಯಾರೂ ಕಲಿಸಿಲ್ಲ. ಅದಕ್ಕೇ ಬರೆದಿದ್ದೇನೆ. ಯಾರು ಬೇಕಾದರೂ ಬಂದು ತೆಗೆದುಹಾಕು ಎನ್ನಲಿ.