ಹದಿನೇಳನೆಯ ತಲೆ ಒಣಗುವವರೆಗೆ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಸೊಲ್ಗೆ ಹಳ್ಳಿಯ ಬೆಳ್ಳುಳ್ಳಿ ಗೋದಾಮಿನ ಗೋಡೆಯಲ್ಲಿರುವ ಮಾಪಕ, ಗಾಳಿಯ ತೇವಾಂಶ ಶೇಕಡಾ ತೊಂಬತ್ತೊಂದು ಎಂದು ತೋರಿಸುತ್ತಿದೆ. ಬೆಳ್ಳುಳ್ಳಿಗೆ ಬೂಷ್ಟು ಹಿಡಿಯದಿರಲೆಂದು ತೂಗುಹಾಕಿದ ಈ ಮಾಪಕವನ್ನು ದಿನವೂ ತಪ್ಪದೆ ಓದುವವರು ಊರಿನಲ್ಲಿ ಒಬ್ಬರೇ. ಅವರಿಗೆ ಒಂದು ಗೇಣು ಬೆಳ್ಳುಳ್ಳಿ ಹೊಲವೂ ಇಲ್ಲ.

ಓಕ್ ಗಪ್‌ಸುನ್, ವಯಸ್ಸು ಎಪ್ಪತ್ತು, ತಲೆಗೆ ಹೂವಿನ ಚಿತ್ತಾರದ ವಸ್ತ್ರ ಬಿಗಿದುಕೊಂಡು ಮಾಪಕದ ಮುಂದೆ ನಿಂತು ನಾಲಿಗೆ ಲೊಚಗುಟ್ಟುತ್ತಾರೆ. "ತೊಂಬತ್ತೊಂದು! ಇವತ್ತು ಊರಿನ ತಲೆಗಳೆಲ್ಲ ಎದ್ದು ನಿಲ್ತವೆ. ಫೋಟೊದವನಿಗೂ ಇವತ್ತೇ ಸಿಕ್ತಾ ದಿನ?"

ಅವರ ಬಲಗೈಯಲ್ಲಿ ಮುಚ್ಚಳವಿರುವ ಮಣ್ಣಿನ ಗಡಿಗೆಯಿದೆ. ಅದರೊಳಗೆ ನಾಲ್ಕು ಲೀಟರ್ ಅಕ್ಕಚ್ಚು, ಅಂದರೆ ಅಕ್ಕಿಯನ್ನು ಎರಡನೆಯ ಸಲ ತೊಳೆದ ನೀರು, ಒಂದು ದಿನ ಹುಳಿ ಬಂದದ್ದು. ಎಡಗೈಯ ಚೀಲದಲ್ಲಿ ಕ್ಯಾಮೆಲಿಯಾ ಬೀಜದ ಎಣ್ಣೆಯ ಶೀಶೆ, ಹಳೆಯ ಹತ್ತಿಯ ಬನಿಯನ್ನುಗಳು ಮೂರು ಮತ್ತು ಮರದ ಬಾಚಣಿಗೆ ಒಂದು. ಬಾಚಣಿಗೆಗೆ ಮೂಲದಲ್ಲಿ ಹತ್ತೊಂಬತ್ತು ಹಲ್ಲುಗಳಿದ್ದವು, ಈಗ ಹದಿನೇಳು. ಎರಡನ್ನು ಮುರಿದವರು ಹ್ವಾಂಗ್ ಪಿಲ್‌ನಮ್. ಬಾಯಿಂದಲ್ಲ, ತಲೆಯಿಂದ. ಗಪ್‌ಸುನ್ ಈಗ ಹೊರಟಿರುವುದು ಅವರ ಮನೆಗೇ.

ಗಪ್‌ಸುನ್ ಅವರಿಗೆ ಅಂಗಡಿಯಿಲ್ಲ, ಕನ್ನಡಿ ಹಾಕಿದ ಕೋಣೆಯಿಲ್ಲ, ಕತ್ತರಿಯೂ ಇಲ್ಲ. ಅವರು ಕೂದಲು ಕತ್ತರಿಸುವುದಿಲ್ಲ, ಬಣ್ಣ ಹಚ್ಚುವುದಿಲ್ಲ, ಗುಂಗುರು ಮಾಡುವುದಿಲ್ಲ. ದಪ್ಪನೆಯ, ಒರಟು, ಸುಟ್ಟ, ಸಿಕ್ಕುಗಟ್ಟಿದ ಕೂದಲಿರುವವರ ಮನೆಗೆ ಹೋಗಿ, ಅವರದೇ ಬಚ್ಚಲಿನಲ್ಲಿ ತೊಳೆದು, ಸಿಕ್ಕು ಬಿಡಿಸಿ, ಒಣಗಲು ಸುತ್ತಿಟ್ಟು ಬರುತ್ತಾರೆ. ವಾರಕ್ಕೆ ಸರಾಸರಿ ಹದಿನೆಂಟು ತಲೆಗಳು, ಮಳೆಗಾಲದಲ್ಲಿ ಇಪ್ಪತ್ತಾರರವರೆಗೆ. ಪ್ರತಿಫಲವಾಗಿ ಬೆಳ್ಳುಳ್ಳಿಯ ಗೊಂಚಲೋ ಒಣಮೀನೋ ಸಿಗುತ್ತದೆ. ಬಾಗಿಲಲ್ಲಿ ಅವರು ಎಲ್ಲರಿಗೂ ಹೇಳುವ ಮಾತು ಒಂದೇ: "ಒಣಗೋ ತನಕ ಕೈ ಹಾಕ್ಬೇಡಿ." ಯಾರೂ ಕೇಳುವುದಿಲ್ಲ.

ಈ ಕೆಲಸಕ್ಕೆ ಅವರು ಬಂದ ದಾರಿ ಸ್ವಲ್ಪ ಸುತ್ತು. ಅವರಿಗೆ ಹದಿನೈದು ತುಂಬಿದ ವರ್ಷ ಕೂದಲ ವ್ಯಾಪಾರಿಯೊಬ್ಬ ಊರಿಗೆ ಬಂದು ಓಣಿಯ ಎಂಟು ಹುಡುಗಿಯರ ಪೈಕಿ ಏಳು ಮಂದಿಯ ಜಡೆಗಳನ್ನು ಕೊಂಡ. ಎಂಟನೆಯದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಹಾಗೇ ಇಳಿಬಿಟ್ಟ. "ಇದು ಕೂದಲಲ್ಲ, ಹಗ್ಗ ಹೊಸೆಯೋ ನಾರು ಅಂದ," ಎಂದು ಗಪ್‌ಸುನ್ ಈಗ ನಗುತ್ತಾರೆ. "ನನ್ನ ಗೆಳತಿಯರ ಕೂದಲು ನನಗಿಂತ ಮೊದಲೇ ಪುಸಾನ್ ನೋಡ್ತು." ಮರುವರ್ಷ ಅವರೂ ಬಂದರು ನಗರ ಪುಸಾನಿನ ಚೌರಿಕೂದಲಿನ ಕಾರ್ಖಾನೆ ಸೇರಿದರು. ದಿನಕ್ಕೆ ಹನ್ನೊಂದು ತಾಸು, ಹನ್ನೊಂದು ಕಂತೆ. ಸಿಕ್ಕು ಬಿಡಿಸುವ ವಿಭಾಗ. ಒಂದು ಕಂತೆಯಲ್ಲಿ ನಲವತ್ತಕ್ಕಿಂತ ಹೆಚ್ಚು ಎಳೆ ತುಂಡಾದರೆ ಮೇಲ್ವಿಚಾರಕಿ ಬೆರಳಿಗೆ ಹೊಡೆಯುತ್ತಿದ್ದಳು.

"ಕೂದಲು ಅಲ್ಲೇ ಅರ್ಥ ಆಗಿದ್ದು," ಎನ್ನುತ್ತಾರೆ ಅವರು. "ಎಲ್ರೂ ಬುಡದಿಂದ ಬಾಚ್ತಾರೆ. ಬುಡದಿಂದ ಬಾಚಿದ್ರೆ ಮೇಲಿನ ಸಿಕ್ಕೆಲ್ಲ ಕೆಳಗಿನ ಸಿಕ್ಕಿನ ಮನೆಗೆ ನೆಂಟಸ್ತಿಕೆಗೆ ಹೋಗ್ತದೆ. ತುದಿಯಿಂದ ಬರ್ಬೇಕು. ಒಂದೊಂದೇ ಬೆರಳಷ್ಟು ಮೇಲಕ್ಕೆ. ಅಷ್ಟೇ ವಿದ್ಯೆ, ಬೇರೇನೂ ಇಲ್ಲ."

ಬೇರೆಯೂ ಇದೆ. ಕೂದಲಿನ ಪ್ರತಿ ಎಳೆಯ ಹೊರಮೈ ಹೆಂಚಿನ ಮಾಡಿನಂತೆ ಒಂದರ ಮೇಲೊಂದು ಹೊದಿಸಿದ ತೆಳು ಪದರಗಳಿಂದ ಆಗಿರುತ್ತದೆ. ರಾಸಾಯನಿಕ, ಬಿಸಿ, ಒರಟು ಉಜ್ಜುವಿಕೆಗಳಿಂದ ಈ ಪದರಗಳು ಏಳುತ್ತವೆ. ಎದ್ದ ಸಂದಿಗಳಲ್ಲಿ ಗಾಳಿಯ ತೇವ ಸುಲಭವಾಗಿ ನುಗ್ಗಿ, ಎಳೆ ಉಬ್ಬಿ, ಅಡ್ಡಾದಿಡ್ಡಿಯಾಗಿ ಸೊಟ್ಟಗಾಗುತ್ತದೆ. ಹದವಾದ ಹುಳಿನೀರು ಪದರಗಳನ್ನು ಮತ್ತೆ ಮಲಗಿಸಲು ನೆರವಾಗುತ್ತದೆ. ಒದ್ದೆಯಿರುವಾಗಲೇ ಹಚ್ಚಿದ ನಾಲ್ಕು ಹನಿ ಎಣ್ಣೆ ಎಳೆಯ ಮೇಲೆ ತೆಳುವಾಗಿ ಹರಡಿ ತೇವವನ್ನು ತಡೆಯುತ್ತದೆ. ಟವೆಲಿನ ಕುಚ್ಚುಗಳಿಗಿಂತ ಹಳೆಯ ಬನಿಯನ್ನಿನ ನುಣುಪು ಬಟ್ಟೆ ಕಡಿಮೆ ಗೀರುತ್ತದೆ. ಗಪ್‌ಸುನ್ ಇದನ್ನೆಲ್ಲ ಹೇಳುವುದು ಒಂದೇ ವಾಕ್ಯದಲ್ಲಿ: "ಕೋಳಿ ರೆಕ್ಕೆ ಕೆದರಿಕೊಂಡಿದ್ರೆ ಅದನ್ನ ಬೈಯ್ಯಬಾರ್ದು, ಸವರಬೇಕು."

ಐದೂವರೆಗೆ ಪಿಲ್‌ನಮ್ ಬಾಗಿಲು ತೆರೆಯುತ್ತಾರೆ. ಅವರಿಗೆ ಎಪ್ಪತ್ತೊಂಬತ್ತು ವರ್ಷ. ಮೊದಲು ಕಾಣಿಸುವುದು ಕೂದಲು. ಮುಖ ನಂತರ ಬರುತ್ತದೆ.

ನಡೆದದ್ದು ಇಷ್ಟು. ಇವತ್ತು ಬೆಳಿಗ್ಗೆ ಹತ್ತಕ್ಕೆ ಊರ ಸಭಾಮನೆಯಲ್ಲಿ ಹಿರಿಯರ ದೀರ್ಘಾಯುಷ್ಯದ ಫೋಟೊ ತೆಗೆಯುವ ಕಾರ್ಯಕ್ರಮ. ದೀರ್ಘಾಯುಷ್ಯವೆಂಬುದು ಮರ್ಯಾದೆಯ ಮಾತು. ಫೋಟೊ ಬಳಕೆಗೆ ಬರುವುದು ಆಯುಷ್ಯ ಮುಗಿದ ಮೇಲೆ, ಅಂತ್ಯಕ್ರಿಯೆಯ ದಿನ ಹೂವಿನ ನಡುವೆ ಇಡಲು. ಉಚಿತವಾಗಿ ತೆಗೆದುಕೊಡುವ ಛಾಯಾಗ್ರಾಹಕ ಈ ಕಡೆ ಬರುವುದು ನಾಲ್ಕು ವರ್ಷಕ್ಕೊಮ್ಮೆ. ಹೆಸರು ಕೊಟ್ಟವರು ಹದಿನೆಂಟು ಹೆಂಗಸರು, ಗಪ್‌ಸುನ್ ಅವರೂ ಸೇರಿ. ಅದಕ್ಕಾಗಿ ಎರಡು ದಿನದ ಹಿಂದೆ ಪಿಲ್‌ನಮ್ ಮನೆಯಲ್ಲೇ ಕೂದಲನ್ನು ಗುಂಗುರು ಮಾಡಿಸಿಕೊಂಡರು. ಸುರುಳಿ ಸುತ್ತಿದವರು ನಾದಿನಿ ಮಾಲ್‌ಜಾ. ಔಷಧದ ಡಬ್ಬಿಯ ಮೇಲೆ ಹದಿನೈದು ನಿಮಿಷವೆಂದು ಬರೆದಿತ್ತು. ಸುರುಳಿ ಬಿಗಿಯಾದಷ್ಟೂ ಹೆಚ್ಚು ತಿಂಗಳು ಬಾಳುತ್ತದೆ ಎಂಬುದು ಈ ಕರಾವಳಿಯ ಹೆಂಗಸರ ಅಚಲ ನಂಬಿಕೆ. ಪಿಲ್‌ನಮ್ ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಬೆಳ್ಳುಳ್ಳಿ ಗೊಂಚಲು ಕಟ್ಟಲು ಕೂತರು. ಎರಡು ತಾಸು ನಲವತ್ತು ನಿಮಿಷ ಕೂತರು.

"ಚುಸೊಕ್ ಹಬ್ಬದ ತನಕ ಬರ್ಲಿ ಅಂತ ಬಿಟ್ಟೆ ಕಣೇ," ಎನ್ನುತ್ತಾರೆ ಪಿಲ್‌ನಮ್.

"ಬರ್ತದೆ ಅಕ್ಕ. ಮುಂದಿನ ಚುಸೊಕ್ ತನಕಾನೂ ಬರ್ತದೆ," ಎನ್ನುತ್ತ ಗಪ್‌ಸುನ್ ಒಂದು ಎಳೆಯನ್ನು ಹಿಡಿದು ಮೆಲ್ಲಗೆ ಎಳೆಯುತ್ತಾರೆ. ಅದು ರಬ್ಬರಿನಂತೆ ಹಿಗ್ಗಿ, ಟಪ್ಪೆಂದು ತುಂಡಾಗುತ್ತದೆ. ಗಪ್‌ಸುನ್ ಅವರ ನಗು ಅಲ್ಲಿಗೆ ನಿಲ್ಲುತ್ತದೆ.

ಮೂಲೆಯಲ್ಲಿ ಕೂತ ಮಾಲ್‌ಜಾ, ಎಪ್ಪತ್ನಾಲ್ಕು ವರ್ಷ, ಹುಟ್ಟಿನಿಂದ ನೀರಿನಂತೆ ಇಳಿಬೀಳುವ ಕೂದಲಿನವರು, ಸಮಾಧಾನ ಹೇಳಲು ಪ್ರಯತ್ನಿಸುತ್ತಾರೆ. "ಅಷ್ಟೇನೂ ಕೆಟ್ಟದಾಗಿಲ್ಲ ಅತ್ತಿಗೆ. ದೂರದಿಂದ ನೋಡಿದ್ರೆ ಟೋಪಿ ಅನ್ಸುತ್ತೆ."

"ನೀನು ಬಾಯಿ ಮುಚ್ಕೊಂಡಿರು. ತಲೆ ಸುಟ್ಟಿದ್ದೂ ಅಲ್ದೆ ಟೋಪಿ ಬೇರೆ!"

ಗೋಡೆಯ ಮೇಲಿನಿಂದ ಪಿಲ್‌ನಮ್ ಅವರ ಗಂಡ ಇದನ್ನೆಲ್ಲ ನೋಡುತ್ತಿದ್ದಾರೆ. ಹನ್ನೊಂದು ವರ್ಷದ ಹಿಂದೆ ತೀರಿಕೊಂಡವರ ಫೋಟೊ ಅದು: ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಒಂದೆಳೆಯೂ ಆಚೀಚೆಯಿಲ್ಲ. "ನೋಡು ಅವನನ್ನ," ಎಂದು ಪಿಲ್‌ನಮ್ ಬೆರಳು ತೋರಿಸುತ್ತಾರೆ. "ಸಿನಿಮಾದವನ ಥರ ಕೂತಿದಾನೆ. ನಾಳೆ ನಾನು ಸತ್ರೆ ನನ್ನ ಫೋಟೊ ಅವನ ಪಕ್ಕದಲ್ಲಿ ಬರ್ಬೇಕು. ಪಾತ್ರೆ ಉಜ್ಜೋ ನಾರಿನ ಥರ ಇರ್ಲಾ? ಬದುಕಿದ್ದಾಗಲೇ ನನ್ನ ತಲೆ ನೋಡಿ ನಗ್ತಿದ್ದ. ಮೇಲೆ ಹೋದ್ಮೇಲೂ ನಗಿಸ್ಕೊಳ್ಳಾ?"

ಅವರು ಪೆಟ್ಟಿಗೆಯಿಂದ ಇನ್ನೊಂದು ಡಬ್ಬಿ ತೆಗೆಯುತ್ತಾರೆ. ಕೂದಲನ್ನು ನೇರ ಮಾಡುವ ಔಷಧ. "ಇದನ್ನ ಹಚ್ಚಿಬಿಡು. ಅದು ಸುತ್ತಿದ್ದನ್ನ ಇದು ಬಿಚ್ಚುತ್ತೆ."

ಗಪ್‌ಸುನ್ ಡಬ್ಬಿಯನ್ನು ತೆಗೆದುಕೊಂಡು ತಮ್ಮ ಚೀಲದ ತಳದಲ್ಲಿ ಹಾಕಿಕೊಳ್ಳುತ್ತಾರೆ. "ಇದನ್ನ ಹಚ್ಚಿದ್ರೆ ಕೂದಲು ನೇರ ಆಗಲ್ಲ ಅಕ್ಕ, ನೇರವಾಗಿ ಬಚ್ಚಲಿಗೆ ಹೋಗ್ತದೆ. ಬೋಳುತಲೆ ಫೋಟೊ ಬೇಕಾ?"

ಪಿಲ್‌ನಮ್ ಬಚ್ಚಲಿನ ಮಣೆಯ ಮೇಲೆ ಕೂರುತ್ತಾರೆ.

ಉಗುರುಬೆಚ್ಚಗಿನ ನೀರು, ನೆತ್ತಿಗೆ ಮಾತ್ರ ಸ್ವಲ್ಪ ಶಾಂಪೂ, ಆಮೇಲೆ ಅಕ್ಕಚ್ಚು. ಮಾಲ್‌ಜಾ ಮೂಗು ಮುಚ್ಚಿಕೊಂಡು ಅಂಗಳಕ್ಕೆ ನಡೆಯುತ್ತಾರೆ. ಗಪ್‌ಸುನ್ ಬಾಚಣಿಗೆಯನ್ನು ಮೊದಲು ಮುಟ್ಟುವುದೇ ಇಲ್ಲ. ಬೆರಳುಗಳಿಂದ, ತುದಿಯಿಂದ, ಒಂದೊಂದೇ ಸಿಕ್ಕು. ಐವತ್ತೆರಡು ನಿಮಿಷದಲ್ಲಿ ಉದುರಿದ ಎಳೆಗಳನ್ನು ಅವರು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡುತ್ತಾರೆ. ಮೂವತ್ತೆಂಟು. "ನಲವತ್ತರ ಒಳಗೆ," ಎನ್ನುತ್ತಾರೆ. ಕಾರ್ಖಾನೆ ಮುಚ್ಚಿ, ಅವರು ಊರಿಗೆ ಮರಳಿ ದಶಕಗಳಾಗಿವೆ. ಮೇಲ್ವಿಚಾರಕಿ ಇನ್ನೂ ಹಿಂದೆ ನಿಂತಂತಿದೆ. ಕೊನೆಗೆ ವಿನಿಗರ್ ಬೆರೆಸಿದ ತಣ್ಣೀರು, ನಾಲ್ಕು ಹನಿ ಎಣ್ಣೆ, ಅಗಲ ಹಲ್ಲಿನ ಬಾಚಣಿಗೆ ಒಂದೇ ಸಲ. ನಂತರ ಬನಿಯನ್ನಿನಿಂದ ಒತ್ತಿ, ಉಜ್ಜದೆ, ಸುತ್ತಿ ಕೂರಿಸುತ್ತಾರೆ. ಗಂಟೆ ಏಳು.

ಹೇರ್ ಡ್ರೈಯರ್ ಹಾಕಿದರೆ ಕೂದಲು ಮತ್ತೆ ಸುಡುತ್ತದೆ. ಫ್ಯಾನ್ ಹಾಕಿದರೆ ಸಿಂಹ ಹೊರಬರುತ್ತದೆ. ಈ ತೇವದಲ್ಲಿ ತಾನಾಗಿ ಒಣಗಲು ಮೂರು ತಾಸು ಬೇಕು. ಏಳಕ್ಕೆ ಮೂರು ಕೂಡಿದರೆ ಹತ್ತು. ಲೆಕ್ಕ ಕರಾರುವಾಕ್ಕಾಗಿದೆ.

ಎಂಟೂವರೆಗೆ ಊರಿನ ಧ್ವನಿವರ್ಧಕ ಕೆಮ್ಮುತ್ತದೆ. ಊರ ಮುಖ್ಯಸ್ಥರ ದನಿ: "ಅ... ಅ... ಕೇಳಿಸ್ತಿದೆಯಾ? ಸಂಜೆ ಮಳೆ ಜಾಸ್ತಿ ಆಗುತ್ತಂತೆ, ಅದಕ್ಕೆ ಫೋಟೊದವರು ಬೇಗ ಬಂದುಬಿಟ್ಟಿದಾರೆ. ಎಂಟು ನಲವತ್ತಕ್ಕೆ ಶುರು. ಹಲ್ಲಿನ ಸೆಟ್ ಮರೀಬೇಡಿ."

ಪಿಲ್‌ನಮ್ ಎದ್ದೇ ಬಿಡುತ್ತಾರೆ. ಕೈ ಬನಿಯನ್ನಿಗೆ ಹೋಗುತ್ತದೆ. ಗಪ್‌ಸುನ್ ಆ ಕೈಗೆ ಪಟ್ಟನೆ ಹೊಡೆಯುತ್ತಾರೆ. "ಕೈ! ಈಗ ಬಿಚ್ಚಿದ್ರೆ ನಾರೇ."

"ಬಿಚ್ಚದಿದ್ರೆ ಬನಿಯನ್ ಹಾಕ್ಕೊಂಡ ತಲೆ! ನನ್ನ ಗಂಡಂದೇ ಬನಿಯನ್ ಇದು, ನಾನೇ ನಿನಗೆ ಕೊಟ್ಟಿದ್ದು, ಗುರುತು ಹಿಡೀತಾನೆ!"

ಮಾಲ್‌ಜಾ ಬೆರಳೆಣಿಸುತ್ತಾರೆ. ಇವರಿಬ್ಬರನ್ನು ಬಿಟ್ಟು ಹದಿನಾರು ತಲೆ, ತಲೆಗೆ ಮೂರು ನಿಮಿಷ. ಒಂಬತ್ತು ಇಪ್ಪತ್ತೆಂಟಕ್ಕೆ ಸಾಲು ಮುಗಿಯುತ್ತದೆ. ಹತ್ತಕ್ಕೆ ಕಡಿಮೆ ಬೀಳುವುದು ಮೂವತ್ತೆರಡು ನಿಮಿಷ, ಅಂದರೆ ಪ್ರತಿ ತಲೆ ಎರಡೇ ನಿಮಿಷ ಹೆಚ್ಚು ಹಿಡಿಸಿದರೆ ಸಾಕು. "ಅಷ್ಟು ತಾನೇ?" ಎಂದು ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ. "ಸುಟ್ಟಿದ್ದು ನಾನು. ಹೊತ್ತು ನಾನು ತರ್ತೀನಿ."

ಸಭಾಮನೆಯಲ್ಲಿ ನಡೆದದ್ದನ್ನು ಛಾಯಾಗ್ರಾಹಕ ಪ್ಯೊನ್ ಸಂಗ್‌ವೂ ಇನ್ನೂ ವಿವರಿಸಲಾರರು. ಮೊದಲು ಕೂತ ಮಾಲ್‌ಜಾ ಪ್ರತಿ ಕ್ಲಿಕ್ಕಿಗೂ ಕಣ್ಣು ಮುಚ್ಚುತ್ತಾರೆ. ಎದ್ದು ಹೋಗುವಾಗ ಮುಂದಿನವರ ಕಿವಿಯಲ್ಲಿ ಏನೋ ಹೇಳುತ್ತಾರೆ. ಅವರೂ ಕಣ್ಣು ಮುಚ್ಚುತ್ತಾರೆ. ಐದನೆಯವರು ಪ್ರತಿ ಸಲ ಸೀನುತ್ತಾರೆ. ಎಂಟನೆಯವರು ಹಲ್ಲಿನ ಸೆಟ್ ತರಲು ಮನೆಗೆ ಹೋಗಿ, ಗಂಡನದನ್ನು ತಂದು, ಮತ್ತೆ ಹೋಗುತ್ತಾರೆ. ಹನ್ನೆರಡನೆಯವರು ಎಡಗಿವಿ ಚೆಂದವೋ ಬಲಗಿವಿ ಚೆಂದವೋ ಎಂದು ಉಳಿದವರ ಮತ ಕೇಳುತ್ತಾರೆ; ತಮ್ಮದೂ ಸೇರಿ ಮತ ಎಂಟು-ಎಂಟಾಗಿ ಸಮವಾಗುತ್ತದೆ.

"ಅಮ್ಮಾ, ಸ್ವಲ್ಪ ಕಣ್ಣು ತೆರೆದಿರಿ ಅಮ್ಮಾ," ಎಂದು ಪ್ಯೊನ್ ಬೇಡಿಕೊಳ್ಳುತ್ತಾರೆ.

"ಸತ್ತ ಮೇಲಿನ ಫೋಟೊ ಅಲ್ವೇನಪ್ಪ? ಕಣ್ಣು ಮುಚ್ಚೋದು ಅಭ್ಯಾಸ ಆಗ್ಲಿ ಬಿಡು," ಎನ್ನುತ್ತಾರೆ ಹದಿನಾಲ್ಕನೆಯವರು.

ಒಂಬತ್ತು ಐವತ್ತೈದಕ್ಕೆ ಗಪ್‌ಸುನ್ ಬನಿಯನ್ ಬಿಚ್ಚುತ್ತಾರೆ. ಪಿಲ್‌ನಮ್ ಕನ್ನಡಿಯತ್ತ ಬಾಗುತ್ತಾರೆ. ಕೂದಲು ನೇರವಾಗಿಲ್ಲ, ರೇಷ್ಮೆಯೂ ಆಗಿಲ್ಲ. ದಪ್ಪಗೆ, ಬೂದುಬಣ್ಣದಲ್ಲಿ, ದೊಡ್ಡ ದೊಡ್ಡ ಅಲೆಗಳಾಗಿ ಕಿವಿಯ ಕೆಳಗೆ ಇಳಿದಿದೆ.

"ಇದು ಯಾರ ತಲೆ?"

"ನಿಮ್ಮದೇ ಅಕ್ಕ. ಎಪ್ಪತ್ತೊಂಬತ್ತು ವರ್ಷ ಅದನ್ನ ಹೊಡೀತಾನೇ ಇದ್ರಿ."

ಹೊರಗೆ ಸೋನೆ ಹಿಡಿದಿದೆ. ಸಭಾಮನೆಗೆ ನೂರ ನಲವತ್ತು ಮೀಟರ್. ಫೋಟೊ ಮುಗಿಸಿದ ನಾಲ್ವರು ಬೆಳ್ಳುಳ್ಳಿ ಮುಚ್ಚುವ ಪ್ಲಾಸ್ಟಿಕ್ ಹಾಳೆಯ ನಾಲ್ಕು ಮೂಲೆ ಎತ್ತಿ ಹಿಡಿಯುತ್ತಾರೆ. ನಡುವೆ ಪಿಲ್‌ನಮ್ ತುಂಬಿದ ಕೊಡ ಹೊತ್ತವರಂತೆ ತಲೆ ಅಲುಗಿಸದೆ ನಡೆಯುತ್ತಾರೆ. ಹಿಂದಿನಿಂದ ಗಪ್‌ಸುನ್: "ಯಾರೂ ಮುಟ್ಬೇಡಿ! ಉಸಿರೂ ಬಿಡ್ಬೇಡಿ!" ಹತ್ತು ಗಂಟೆ ನಾಲ್ಕು ನಿಮಿಷಕ್ಕೆ, ಮೊದಲ ಕ್ಲಿಕ್ಕಿನಲ್ಲೇ, ಕಣ್ಣು ಅಗಲವಾಗಿ ತೆರೆದು, ಹದಿನೇಳನೆಯ ಫೋಟೊ ಮುಗಿಯುತ್ತದೆ.

"ಇನ್ನೊಬ್ಬರ ಹೆಸರಿದೆಯಲ್ಲ," ಎಂದು ಪ್ಯೊನ್ ಪಟ್ಟಿ ನೋಡುತ್ತಾರೆ. ಎಲ್ಲರೂ ಗಪ್‌ಸುನ್ ಕಡೆ ತಿರುಗುತ್ತಾರೆ. ಅವರು ವಸ್ತ್ರದ ಗಂಟು ಸ್ವಲ್ಪ ಸಡಿಲಿಸುತ್ತಾರೆ. ವ್ಯಾಪಾರಿ ಬೇಡವೆಂದ ಆ ಕೂದಲು, ಬೆಳಗಿನಿಂದ ಬಚ್ಚಲ ಹಬೆಯಲ್ಲಿ ನೆಂದು, ನಾಲ್ಕೂ ದಿಕ್ಕಿಗೆ ಎದ್ದು ನಿಲ್ಲುತ್ತದೆ. ಮಾಲ್‌ಜಾ ಕೂಡ ಟೋಪಿಯ ಮಾತೆತ್ತುವುದಿಲ್ಲ.

"ನನಗೂ ಮೂರು ತಾಸು ಬೇಕಪ್ಪ," ಎಂದು ಗಪ್‌ಸುನ್ ಗಂಟು ಬಿಗಿಯುತ್ತಾರೆ. "ನೀನು ಹೊರಡು, ಮಳೆ ಜೋರಾಗ್ತದೆ. ನಾಲ್ಕು ವರ್ಷ ಸಾಯಲ್ಲ ನಾನು."

ಮೂರು ವಾರದ ನಂತರ ಚೌಕಟ್ಟು ಹಾಕಿದ ಫೋಟೊಗಳು ಬಂದಿವೆ. ಅವನ್ನು ಬೀರುವಿನಲ್ಲಿ ಮುಚ್ಚಿಡುವುದು ರೂಢಿ. ಪಿಲ್‌ನಮ್ ತಮ್ಮದನ್ನು ಆಗಲೇ ಗಂಡನ ಪಕ್ಕದಲ್ಲಿ ತೂಗುಹಾಕಿದ್ದಾರೆ, ಅಪಶಕುನವೆಂದು ಮಾಲ್‌ಜಾ ಎಷ್ಟು ಹೇಳಿದರೂ. "ಈಗ ಅವನೇ ಸ್ವಲ್ಪ ಸಪ್ಪೆ ಕಾಣ್ತಾನೆ," ಎನ್ನುತ್ತಾರೆ.

ಗಪ್‌ಸುನ್ ಯಾರ ಅಂತ್ಯಕ್ರಿಯೆಗೆ ಹೋದರೂ ಮೊದಲು ಫೋಟೊದ ಕೂದಲು ನೋಡುತ್ತಾರಂತೆ, ಆಮೇಲೆ ಅಳುತ್ತಾರಂತೆ. ತಮಗೇನು ಆಸೆ ಎಂದು ಕೇಳಿದರೆ ಕೈ ಚಾಚಿ ತೋರಿಸುತ್ತಾರೆ. "ಐವತ್ನಾಲ್ಕು ವರ್ಷದಿಂದ ಕಂಡವರ ಕೂದಲು ನನ್ನ ಕೈಯಲ್ಲಿದೆ. ನನ್ನ ತಲೆಯ ಹಿಂಭಾಗ ನನ್ನ ಕೈಗೇ ಸಿಗಲ್ಲ. ಮುಂದಿನ ಸಲ ಅವನು ಬರೋ ಹೊತ್ತಿಗೆ ಯಾರಾದ್ರೂ ಒಬ್ಬರು ಬಾಚೋದು ಕಲಿತಿದ್ರೆ ಸಾಕು."

ಕಲಿಯುವವರು ಸಿಕ್ಕಿದ್ದಾರೆ. ಪ್ರತಿ ಮಂಗಳವಾರ ಬೆಳಿಗ್ಗೆ ಆರಕ್ಕೆ ಗಪ್‌ಸುನ್ ವಸ್ತ್ರ ಬಿಚ್ಚಿ ಜಗಲಿಯಲ್ಲಿ ಕೂರುತ್ತಾರೆ. ಹಿಂದೆ ಹದಿನೇಳು ಹಲ್ಲಿನ ಬಾಚಣಿಗೆ ಹಿಡಿದ ಪಿಲ್‌ನಮ್.

"ಅಯ್ಯೋ! ಅಕ್ಕ, ತುದಿಯಿಂದ ಅಂದ್ನಲ್ಲ!"

"ಸುಮ್ನೆ ಕೂತ್ಕೊಳ್ಳೇ. ಇನ್ನೂ ಮೂರು ವರ್ಷ ಹನ್ನೊಂದು ತಿಂಗಳಿದೆ."

ಬಾಚಣಿಗೆ ಕೆಳಗಿಳಿಯುತ್ತದೆ. ತುದಿಯಿಂದ, ಒಂದು ಬೆರಳಷ್ಟು ಮೇಲಕ್ಕೆ. ಗಪ್‌ಸುನ್ ಕಣ್ಣು ಮುಚ್ಚುತ್ತಾರೆ.

"ಎಷ್ಟು ಎಳೆ ಉದುರಿತು ಅಕ್ಕ?"

"ಎಣಿಸಿದೀನಿ. ಮೂವತ್ತೊಂಬತ್ತು."